ಹರಾಜು ಕೂಗುವವನ ಕಾನೂನು

ತೀರಿಕೊಂಡವರ ಬಗ್ಗೆ ಬರೆಯುವಾಗ ಬಹುವಚನ ಬಳಸಬೇಕೆಂಬ ಸಂಪ್ರದಾಯ ನಮ್ಮಲ್ಲಿದೆ. ಆತ ನನಗಿಂತ ಎಷ್ಟೋ ವರ್ಷ ಚಿಕ್ಕವನು. ಬದುಕಿದ್ದಷ್ಟು ದಿನವೂ ಏಕವಚನದಲ್ಲೇ ಕರೆದಿದ್ದೇನೆ. ಸತ್ತ ಎಂಬ ಒಂದೇ ಅರ್ಹತೆಯ ಮೇಲೆ ಈಗ ಬಡ್ತಿ ಕೊಡಲು ನನ್ನ ಕೈಲಾಗದು. ಕೊಟ್ಟರೂ ಆತ ನಗುತ್ತಿದ್ದ.

ಚಿಂತಾಮಣಿಯ ತರಕಾರಿ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಆತ ಟೊಮೇಟೊ ಹರಾಜು ಕೂಗುತ್ತಿದ್ದ. ಅದೇ ಮಂಡಿಯಲ್ಲಿ ನಾನು ಗುಮಾಸ್ತ. ಆತ ಕೂಗಬೇಕು, ನಾನು ಬರೆದುಕೊಳ್ಳಬೇಕು. ಪ್ರಪಂಚದ ವ್ಯವಹಾರವೆಲ್ಲ ನಡೆಯುವುದು ಹೀಗೆಯೇ ಎಂದು ಆಗ ನಾನು ಭಾವಿಸಿದ್ದೆ. ಆತನದು ಸಾಮಾನ್ಯ ಗಂಟಲಲ್ಲ. ಇಲ್ಲಿ ಕೂಗಿದ ದರ ಅಂಬಾಜಿದುರ್ಗದ ಬೆಟ್ಟಕ್ಕೆ ಬಡಿದು ವಾಪಸ್ ಬರುವಷ್ಟರಲ್ಲಿ ಎರಡು ರೂಪಾಯಿ ಏರಿರುತ್ತದೆ ಎಂದು ಹಮಾಲರು ಹೇಳುತ್ತಿದ್ದರು. ಲೆಕ್ಕ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ, ಹೊಗಳಿಕೆ ಉರ್ದುವಿನಲ್ಲಿ. ಮಗುಚಿದ ಬಾಕ್ಸೊಂದರ ಮೇಲೆ ನಿಂತು, ಬಲಗೈಯ ಎರಡು ಬೆರಳನ್ನು ಗಂಟಲ ಪಕ್ಕಕ್ಕೆ ಒತ್ತಿಕೊಂಡು, ಆತ "ಒಕಟೋ ಸಾರಿ, ರೆಂಡೋ ಸಾರಿ" ಎಂದರೆ ಖರೀದಿದಾರರ ಎದೆ ಹೊಡೆದುಕೊಳ್ಳುತ್ತಿತ್ತು. "ಮೂಡೋ ಸಾರಿ!" ಎಂದರೆ ಮುಗಿಯಿತು. ಬ್ರಹ್ಮ ಬಂದರೂ ಆ ಮಾಲಿನ ದರ ಬದಲಾಗುವುದಿಲ್ಲ.

ಮಂಡಿಗೆ ಮಂಡಿಯದೇ ಆದ ಒಂದು ಮರ್ಯಾದೆಯಿದೆ. ಮೂರನೇ ಸಾರಿ ಕೂಗಿದ ಮೇಲೆ ಆ ಮಾಲು ಗೆದ್ದವನದು. ಉಳಿದವರು ಅದರ ಕಡೆ ತಿರುಗಿಯೂ ನೋಡದೆ ಮುಂದಿನ ರಾಶಿಗೆ ಹೋಗಬೇಕು. ಗೆದ್ದವನು ಒಂದು ವೇಳೆ ಎತ್ತದೆ ಬಿಟ್ಟು ಹೋದನೋ, ಆ ಮಾಲನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಒಬ್ಬ ಹಿಡಿದು ಬಿಟ್ಟಿದ್ದಾನೆಂದರೆ ಒಳಗೆ ಏನೋ ಕೊಳೆತಿದೆ ಎಂದು ಲೆಕ್ಕ. ಸಂಜೆಯ ಹೊತ್ತಿಗೆ ಹಸುಗಳು ಬಂದು ಆ ಪ್ರಶ್ನೆಯನ್ನು ಇತ್ಯರ್ಥ ಮಾಡುತ್ತವೆ.

ದರ ನೆಲಕ್ಕೆ ಬಿದ್ದ ದಿನಗಳಲ್ಲೂ ಆತ ಗಂಟಲು ತಗ್ಗಿಸಿದವನಲ್ಲ. ರೈತರು ಬಾಡಿಗೆಯೂ ಹುಟ್ಟುವುದಿಲ್ಲವೆಂದು ಟೊಮೇಟೊ ರಸ್ತೆಗೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ, "ಯಾಕಯ್ಯಾ ಇಷ್ಟು ಕಿರುಚ್ತೀಯ, ಕೊಳ್ಳೋರೇ ಇಲ್ಲ" ಎಂದೆ. "ಬೆಲೆ ಅವ್ನ ಮಾಲಿಗಿಲ್ದೆ ಇರ್ಬೋದು ಸಾರ್. ಕೂಗಾದ್ರೂ ಮರ್ಯಾದೆಯಾಗಿರ್ಲಿ" ಎಂದ.

ಇಂಥವನ ಮನೆಗೆ ಮೊದಲ ಸಲ ಹೋದಾಗ ಒಳಗೆ ಯಾರೋ ತೀರಿಕೊಂಡಿದ್ದಾರೆಂದೇ ನಾನು ತಿಳಿದೆ. ಗಂಡ ಹೆಂಡತಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಬಾಗಿಲಿನ ಚಿಲಕಕ್ಕೆ ಬಟ್ಟೆ ಸುತ್ತಿದ್ದರು. "ಏನಪ್ಪಾ ವಿಷಯ?" ಎಂದು ನಾನು ಮಾಮೂಲಿ ದನಿಯಲ್ಲಿ ಕೇಳಿದ್ದೇ ತಡ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಹೆಣ್ಣುಮಗುವೊಂದು ಎರಡೂ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡತೊಡಗಿತು. ಅವಳೇ ಪುಟ್ಟಿ, ಒಬ್ಬಳೇ ಮಗಳು. ಕುಕ್ಕರಿನ ಸೀಟಿ ಅವಳಿಗೆ ಆಗದೆಂದು ಆ ಮನೆಯಲ್ಲಿ ಕುಕ್ಕರೇ ಇರಲಿಲ್ಲ. ಊರಿಗೆಲ್ಲ ಕೇಳುವ ಗಂಟಲಿನವನು ಮಗಳ ಮುಂದೆ ಮಂಡಿಯೂರಿ, ತುಟಿ ಮಾತ್ರ ಆಡಿಸುತ್ತಾ, "ಪುಟ್ಟೀ, ತಾತ ಕಣಮ್ಮ, ಏನೂ ಮಾಡಲ್ಲ" ಎನ್ನುತ್ತಿದ್ದ. ಪುಟ್ಟಿ ಆತನ ಮುಖ ನೋಡಲಿಲ್ಲ. ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು.

ನಾಲ್ಕು ವರ್ಷವಾದರೂ ಮಾತಿಲ್ಲ. ನೆಂಟರಿಷ್ಟರು ಸುಮ್ಮನಿರುತ್ತಾರೆಯೇ? ನಾಲಿಗೆಗೆ ಜೇನು ಸವರಿದರು, ಕೈವಾರಕ್ಕೆ ಹರಕೆ ಹೊತ್ತರು. "ಅಪ್ಪ ಎಲ್ಲಾ ಮಾತೂ ಮಂಡೀಲಿ ಖರ್ಚು ಮಾಡ್ಬುಟ್ರೆ ಮಗೀಗೇನು ಉಳೀತದೆ?" ಎಂದು ಅತ್ತೆಯೊಬ್ಬಳು ವೈಜ್ಞಾನಿಕ ವಿವರಣೆಯನ್ನೂ ಕೊಟ್ಟಳು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಆಟಿಸಂ ಎಂದರು. ಔಷಧಿಯಿಲ್ಲ, ಆಪರೇಷನ್ ಇಲ್ಲ, ತರಬೇತಿಯಿದೆ. ಮಾತು, ನೋಟ, ಬಟ್ಟೆಯ ಗುಂಡಿ ಹಾಕಿಕೊಳ್ಳುವುದು, ಎಲ್ಲವನ್ನೂ ದಿನವೂ ಕೂರಿಸಿ ಕಲಿಸಬೇಕು. ಚಿಕ್ಕ ವಯಸ್ಸಿನಲ್ಲೇ ಆಗಬೇಕು, ನಡುವೆ ಬಿಡಬಾರದು ಎಂದರು. ಆ ಕೊನೆಯ ಮಾತನ್ನು ಆತ ಮಂಡಿಗೆ ಬಂದು ನನಗೆ ಹೇಳಿದಾಗ ಆತನ ಬೆರಳು ಗಂಟಲ ಪಕ್ಕದಲ್ಲಿತ್ತು.

ಆತನ ಹೆಂಡತಿ ಮಗುವನ್ನು ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬರತೊಡಗಿದಳು. ವಾರದಲ್ಲಿ ಮೂರು ದಿನ. ಒಂದು ವರ್ಷದ ಮೇಲೆ ಪುಟ್ಟಿ ಕೈ ಚಾಚಿ "ಕೊಡು" ಎಂದಳಂತೆ. ಚಕ್ಕುಲಿ ಬೇಕಿತ್ತು. ಆತ ಮಾರನೆಯ ದಿನ ಇಡೀ ಮಾರುಕಟ್ಟೆಗೆ ಚಕ್ಕುಲಿ ಹಂಚಿದ. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. ಐದು ವರ್ಷದ ಮಗು "ಕೊಡು" ಎಂದದ್ದಕ್ಕೆ ಸಂಭ್ರಮಪಡುವ ಅಪ್ಪನನ್ನು ಅವರು ನೋಡಿರಲಿಲ್ಲ. ಅವರ ಮಕ್ಕಳು ಹುಟ್ಟಿದಾಗಿನಿಂದ ಅದೊಂದನ್ನೇ ಹೇಳುತ್ತಿದ್ದವು.

ತರಬೇತಿಯ ಖರ್ಚಿಗೆ ಆತನ ಕೂಲಿ ಸಾಲದು. ಆದರೆ ಮನೆಯವರಿಗೆಲ್ಲ ಸೇರಿಸಿ ಒಂದು ಆರೋಗ್ಯ ವಿಮೆ ಮಾಡಿಸಿದ್ದ. ಒಂದು ಕಂತೂ ತಪ್ಪಿಸಿದವನಲ್ಲ. ಹಾಗಾಗಿ ವಿಮೆಯ ಆಫೀಸಿಗೆ ಹೋದ. ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದ.

"ಮಗು ಅಡ್ಮಿಟ್ ಆಗಿತ್ತಾ?" ಎಂದರು ಅಲ್ಲಿನವರು.

"ಇಲ್ಲ ಸಾರ್, ಟ್ರೈನಿಂಗು. ಮಾತಾಡೋದು ಕಲಿಸ್ತಾರೆ."

"ಆಸ್ಪತ್ರೇಲಿ ಅಡ್ಮಿಟ್ ಆಗಿ ಮಲಗಿದ್ರೆ ಮಾತ್ರ ಕೊಡ್ತೀವಿ."

"ಮಾತು ಕಲಿಯಕ್ಕೆ ಯಾಕ್ ಸಾರ್ ಮಲಗ್ಬೇಕು?"

"ರೂಲ್ಸಪ್ಪ. ಅದೂ ಅಲ್ದೆ ಇದು ಹುಟ್ಟಿನಿಂದ ಬಂದಿದ್ದು. ಹುಟ್ಟಿನಿಂದ ಬಂದಿದ್ದಕ್ಕೆ ಇಲ್ಲ."

"ಬಡತನಾನೂ ನಂಗೆ ಹುಟ್ಟಿನಿಂದ ಬಂದಿದ್ದೇ ಸಾರ್. ಆದ್ರೂ ಕಂತು ಕಟ್ಟಿಸ್ಕೊಂಡ್ರಲ್ಲ?"

ಆ ಅಧಿಕಾರಿ ಒಳ್ಳೆಯ ಮನುಷ್ಯ, ನಕ್ಕರು. ಟೀ ತರಿಸಿದರು. ರೂಲ್ಸು ಮಾತ್ರ ಟೀ ಕುಡಿಯಲಿಲ್ಲ.

ಆತನ ತಲೆಗೆ ಕಾನೂನಿನ ಹುಳ ಹೊಕ್ಕಿದ್ದು ಬೆಂಗಳೂರಿನ ಆ ತರಬೇತಿ ಕೇಂದ್ರದ ಬೆಂಚಿನ ಮೇಲೆ. ಪಕ್ಕದಲ್ಲಿ ಕೂತಿದ್ದ ಯಾವುದೋ ಮಗುವಿನ ತಾಯಿ ಹೇಳಿದರಂತೆ. ಮಾರನೆಯ ದಿನ ಹರಾಜು ಮುಗಿದ ಮೇಲೆ, ಮೆಣಸು ಹಾಕಿದ ಬಿಸಿನೀರು ಕುಡಿಯುತ್ತಾ ಆತ ಶುರು ಮಾಡಿದ.

"ಸಾರ್, ಅಮೆರಿಕದಲ್ಲಿ ಅಪ್ಪ ಅಮ್ಮಂದಿರೇ ಸೇರ್ಕೊಂಡು, ಇಂಥ ಮಕ್ಕಳ ಟ್ರೈನಿಂಗಿಗೆ ಇನ್ಶೂರೆನ್ಸ್‌ನೋರು ಕೊಡ್ಲೇಬೇಕು ಅಂತ ಕಾನೂನು ಮಾಡಿಸ್ತಾವ್ರಂತೆ. ಒಂದೊಂದೇ ರಾಜ್ಯದಲ್ಲಿ."

"ಅದು ಅಮೆರಿಕ ಕಣಪ್ಪ."

"ಅಲ್ಲೂ ಎಮ್ಮೆಲ್ಲೆಗಳಿರ್ತಾರಲ್ವಾ ಸಾರ್?"

"ಇರ್ತಾರೆ, ಬೇರೆ ಹೆಸರಲ್ಲಿ."

"ಮತ್ತಿನ್ನೇನು? ಹಿಡಿಯೋದೇ."

ಹೀಗೆ, ರಾಷ್ಟ್ರದ ಇತಿಹಾಸಕಾರರ ಗಮನಕ್ಕೆ ಬಾರದೆ, ಟೊಮೇಟೊ ಬಾಕ್ಸುಗಳ ನಡುವೆ ಒಂದು ಚಳವಳಿ ಹುಟ್ಟಿತು. ಆಟಿಸಂ ಮಕ್ಕಳ ಪೋಷಕರ ವಿಮಾ ಹಕ್ಕೊತ್ತಾಯ ಸಮಿತಿ ಎಂದು ನಾಮಕರಣವಾಯಿತು. ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನು ಆತನೊಬ್ಬನೇ ಆದ್ದರಿಂದ ಆತನೇ ಅಧ್ಯಕ್ಷ. ಸದಸ್ಯರನ್ನು ಆತ ಬಸ್ಸಿನಲ್ಲೇ ಹುಡುಕಿದ. ಮಗುವನ್ನು ಕಿಟಕಿಯ ಪಕ್ಕ ಕೂರಿಸಿ, ಕೈ ಗಟ್ಟಿಯಾಗಿ ಹಿಡಿದು, ಸಹಪ್ರಯಾಣಿಕರ ನೋಟಕ್ಕೆ ಮುಖ ತಪ್ಪಿಸುವ ಯಾರನ್ನು ಕಂಡರೂ ಪಕ್ಕದಲ್ಲಿ ಹೋಗಿ ಕೂರುತ್ತಿದ್ದ. ಸಿಕ್ಕವರಲ್ಲಿ ಕೊನೆಯವರೆಗೂ ನಿಂತವರು ಇಬ್ಬರು. ಗೌರಿಬಿದನೂರಿನ ಪ್ರೈಮರಿ ಶಾಲೆಯ ಮೇಷ್ಟ್ರು ಒಬ್ಬರು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ಅವರ ಮಗನಿಗೆ ಅಪ್ಪ ಎನ್ನಲು ಬರುತ್ತಿರಲಿಲ್ಲ. ಇನ್ನೊಬ್ಬರು ಶಿಡ್ಲಘಟ್ಟದವರು, ಎಲ್ಲರ ಬಾಯಲ್ಲೂ ಖಾಲಾ, ಅಂದರೆ ಚಿಕ್ಕಮ್ಮ. ರೇಷ್ಮೆ ನೂಲು ಬಿಚ್ಚುವ ಮನೆಯ ಹೆಂಗಸು, ಮೊಮ್ಮಗನಿಗಾಗಿ ಬರುತ್ತಿದ್ದವರು. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಅವರ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು.

"ಕಾನೂನು ಬರೋಕ್ಕೆ ಎಷ್ಟು ದಿನ ಆಯ್ತದೆ ಭಾಯ್?" ಎಂದು ಖಾಲಾ ಮೊದಲ ಸಭೆಯಲ್ಲೇ ಕೇಳಿದರು.

"ಬರುತ್ತೆ ಖಾಲಾ, ಸ್ವಲ್ಪ ಟೈಮ್ ಹಿಡಿಯುತ್ತೆ."

"ಹುಡ್ಗ ಬೆಳೀತಾ ಅವ್ನಲ್ಲಪ್ಪಾ. ಅವ್ನಿಗೆ ನಿಲ್ಲು ಅನ್ನೋದು ಹೆಂಗೆ?"

ಇದಕ್ಕೆ ಉತ್ತರವಾಗಿ ಸಮಿತಿಯವರು ಒಂದು ಠರಾವು ಪಾಸು ಮಾಡಿದರು.

ವಿಮೆಯ ಕಾನೂನು ದೆಹಲಿಯ ಅಧಿಕಾರ, ವಿಧಾನಸಭೆಯವರು ಹೆಚ್ಚೆಂದರೆ ದೆಹಲಿಗೆ ಶಿಫಾರಸು ಕಳಿಸಬಹುದು ಎಂದು ಚಿಂತಾಮಣಿ ಕೋರ್ಟಿನ ವಕೀಲರೊಬ್ಬರು ಫೀಸಿಲ್ಲದೆ ತಿಳಿಸಿದರು. "ಹಂಗಾದ್ರೆ ಶಿಫಾರಸಿಂದ ಶುರು ಮಾಡಣ" ಎಂದು ಆತ ಮುಖಂಡರ ಮನೆಗಳಿಗೆ ಅಲೆಯತೊಡಗಿದ. ನಮ್ಮ ಸೀಮೆಯಲ್ಲಿ ಮುಖಂಡರಿಗೆ ಬರವಿಲ್ಲ. ಗೆದ್ದವರು, ಸೋತವರು, ಮುಂದಿನ ಸಲ ಟಿಕೆಟ್ ಸಿಗುವವರು, ಸಿಕ್ಕರೂ ಸಿಗಬಹುದಾದವರು. ಯಾರ ಊರೂ ಹೆಸರೂ ಹೇಳುವುದಿಲ್ಲ. ಅವರ ಮಕ್ಕಳು ಈಗ ಅದೇ ಉದ್ಯೋಗದಲ್ಲಿದ್ದಾರೆ. ಎಲ್ಲರೂ ಮಾತಾಡಿಸಿದರು, ಕಾಫಿ ಕೊಟ್ಟರು, "ನೋಡಣ" ಎಂದರು. ಒಬ್ಬರು, ಕಣ್ಣಲ್ಲಿ ನೀರು ತಂದುಕೊಂಡು, ಸಮಿತಿಯ ಮಕ್ಕಳಿಗೆಲ್ಲ ಮೂರು ಚಕ್ರದ ಸೈಕಲ್ ಕೊಡಿಸುವುದಾಗಿ ಹೇಳಿದರು. ಮೇಷ್ಟ್ರ ಮಗ ಆ ಹೊತ್ತಿಗೆ ಅವರ ಕಾಂಪೌಂಡ್ ಹತ್ತಿ ಆಚೆ ಹಾರಿದ್ದ.

ಎರಡು ವರ್ಷ ಈ "ನೋಡಣ"ದಲ್ಲೇ ಸಂದಿತು. ಪುಟ್ಟಿಯ ತರಬೇತಿ ವಾರಕ್ಕೆ ಮೂರರಿಂದ ಒಂದಕ್ಕೆ ಇಳಿದಿತ್ತು. ಆಗ ಆತನಿಗೆ ಆ ಯೋಚನೆ ಹೊಳೆದದ್ದು. ಟೊಮೇಟೊ ಮಂಡಿಯವನಿಗಲ್ಲದೆ ಇನ್ನಾರಿಗೂ ಹೊಳೆಯಲು ಸಾಧ್ಯವಿಲ್ಲದ ಯೋಚನೆ.

"ತಪ್ಪು ನಮ್ದೇ ಸಾರ್" ಎಂದ. "ಒಬ್ಬೊಬ್ರ ಮನೆಗೇ ಹೋಗಿ ಕೇಳಿದ್ರೆ ಯಾರ್ ಸಾರ್ ದರ ಏರಿಸ್ತಾರೆ? ಎಲ್ರನ್ನೂ ಒಂದೇ ರಾಶಿ ಮುಂದೆ ನಿಲ್ಲಿಸ್ಬೇಕು."

ನಮ್ಮ ಮಂಡಿ ಸಾಹುಕಾರರ ಮಗಳ ಮದುವೆ ಬಂತು. ಕಲ್ಯಾಣ ಮಂಟಪದ ಮೊದಲ ಸಾಲಿನ ಸೋಫಾಗಳಲ್ಲಿ ಸುತ್ತಿನ ತಾಲ್ಲೂಕುಗಳ ಮುಖಂಡರೆಲ್ಲ, ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು, ಊಟಕ್ಕೆ ಕಾಯುತ್ತಾ ಕೂತಿದ್ದರು. ಓಲಗ ನಿಂತ ಒಂದು ಗಳಿಗೆ ನೋಡಿ ಆತ ಎದ್ದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ. ಎರಡು ಬೆರಳು ಗಂಟಲ ಪಕ್ಕ.

"ದೊಡ್ಡೋರೆಲ್ಲ ಸೇರಿದ್ದೀರ. ನಮ್ಮ ಮೂಗ ಮಕ್ಕಳದ್ದೊಂದು ಕಾನೂನು, ನಿಮ್ಗೆಲ್ಲ ಗೊತ್ತಿರೋದೇ. ಇಲ್ಲಿ ಕೂತಿರೋ ಅಣ್ಣಾವ್ರು ಪರಿಶೀಲಿಸ್ತೀನಿ ಅಂದವ್ರೆ. ಪರಿಶೀಲನೆ, ಪರಿಶೀಲನೆ... ಅದ್ರ ಮೇಲೆ ಯಾರು?"

ಮಂಟಪದಲ್ಲಿ ನಗು ಎದ್ದಿತು. ಅಣ್ಣಾವ್ರ ಪಕ್ಕದ ಸೋಫಾದವರು, ಆಗದ ಪಕ್ಷದವರು, ಸುಮ್ಮನಿರಲಾರದೆ, "ನಾನು ಸದನದಲ್ಲಿ ಪ್ರಶ್ನೆ ಹಾಕಿಸ್ತೀನಪ್ಪ" ಎಂದರು.

"ಪ್ರಶ್ನೆ ಬಂತು! ವಾಹ್ ವಾ, ಕ್ಯಾ ದಿಲ್ ಹೈ ಸಾಬ್! ಪ್ರಶ್ನೆಗೆ ಹೋಗ್ತಾ ಇದೆ, ಪ್ರಶ್ನೆಗೆ..."

"ನಾನು ಮುಖ್ಯಮಂತ್ರಿಗಳ ಹತ್ರ ನಿಯೋಗ ಕರ್ಕೊಂಡು ಹೋಗ್ತೀನಿ" ಎಂದರು ಅಣ್ಣಾವ್ರು, ಕೆಂಪಾಗಿ.

"ಏಯ್, ಬಿಟ್ಟುಕೊಡ್ಬೇಡ ಕಣಣ್ಣ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹುಡುಗಿಯರು ಕುರ್ಚಿ ಹತ್ತಿ ನಿಂತರು. ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಬಂದರು. ಮದುಮಗನನ್ನು ಯಾರೂ ನೋಡುತ್ತಿರಲಿಲ್ಲ. ಶಿಫಾರಸು ಎಂದರು ಒಬ್ಬರು, ಸರ್ವಾನುಮತದ ಶಿಫಾರಸು ಎಂದರು ಮತ್ತೊಬ್ಬರು. ಕಟ್ಟಕಡೆಗೆ ಮೂರನೇ ಸೋಫಾದಲ್ಲಿದ್ದ, ಆವರೆಗೆ ಎಲೆಯಡಿಕೆ ಅಗಿಯುತ್ತಿದ್ದ ಹಿರಿಯರು ಎದ್ದು, ಶಲ್ಯ ಕೊಡವಿ, "ಆರು ತಿಂಗಳು. ದೆಹಲಿಗೇ ಹೋಗಿ ಕಾನೂನು ಮಾಡಿಸ್ಕೊಂಡು ಬರ್ತೀನಿ. ನನ್ ಮಾತು!" ಎಂದು ಗುಡುಗಿದರು.

"ಒಕಟೋ ಸಾರಿ!"

ಆತನ ದನಿಗೆ ಚಪ್ಪರದ ಮಾವಿನೆಲೆ ಅಲುಗಿದಂತೆ ನನಗೆ ಅನಿಸಿತು.

"ರೆಂಡೋ ಸಾರಿ!"

ಎಲ್ಲರೂ ಅಣ್ಣಾವ್ರ ಕಡೆ ನೋಡಿದರು. ಅವರು ತಲೆಯಾಡಿಸಿ ಕೂತುಬಿಟ್ಟರು.

"ಮೂಡೋ ಸಾರಿ!"

ಚಪ್ಪಾಳೆ ಹೇಳತೀರದು. ಮೇಷ್ಟ್ರು ಅಳುತ್ತಿದ್ದರು. ನನ್ನ ನೌಕರಿಯಲ್ಲಿ ಅಷ್ಟು ಚೆನ್ನಾದ ಹರಾಜನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಕೈತೊಳೆಯುವ ನಲ್ಲಿಯ ಹತ್ತಿರ, ಗದ್ದಲದಿಂದ ದೂರ, ಆತನ ಹೆಂಡತಿ ಪುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಸುದ್ದಿ ಹೇಳಲು ಹೋದೆ. "ಇಲ್ಲಿಗೇ ಕೇಳಿಸ್ತು ಸಾರ್" ಎಂದಳು.

ಗೆದ್ದ ಹಿರಿಯರು ಸುಳ್ಳುಗಾರರೇನಲ್ಲ. ಊಟವಾಗುವವರೆಗೂ ಅವರ ಮಾತಿನಲ್ಲಿ ಅವರಿಗೇ ನಂಬಿಕೆಯಿತ್ತು. ಆಮೇಲೆ ಜಿಲ್ಲೆ ಒಡೆಯುವ ಗಲಾಟೆ ಬಂತು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳೆಲ್ಲ ಕೋಲಾರದಿಂದ ಕಳಚಿ ಚಿಕ್ಕಬಳ್ಳಾಪುರಕ್ಕೆ ಸೇರುವ ಕಾಲ. "ಜಿಲ್ಲೆ ಆಗೋಗ್ಲಿ ತಡ್ಕೊಳಯ್ಯ" ಎಂದರು. ಜಿಲ್ಲೆ ಆಯಿತು. ಅಷ್ಟರಲ್ಲಿ ಸರ್ಕಾರ ಬಿತ್ತು. ಆ ವರ್ಷಗಳಲ್ಲಿ ನಮ್ಮ ರಾಜ್ಯದ ಸರ್ಕಾರಗಳು ಟೊಮೇಟೊಗಿಂತ ಬೇಗ ಮೆತ್ತಗಾಗುತ್ತಿದ್ದವು. ಚುನಾವಣೆಗೆ ಹಿರಿಯರಿಗೆ ಟಿಕೆಟ್ ಸಿಗಲಿಲ್ಲ, ಅವರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಗನ ಮನೆ ಸೇರಿದರು. ಆ ಆಪರೇಷನ್ನಿಗೆ ಇನ್ಶೂರೆನ್ಸ್ ಇತ್ತೆಂದು ಕೇಳಿದ್ದೇನೆ.

ಆತ ಮತ್ತೆ ಅಣ್ಣಾವ್ರ ಮನೆಗೆ ಹೋದ. ನಾನೂ ಜೊತೆಗಿದ್ದೆ.

"ಅದು ಅವತ್ತೇ ಆಯ್ತಲ್ಲಯ್ಯಾ" ಎಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು. "ಎಲ್ರ ಮುಂದೆ ನೀನೇ ಮೂರು ಸಾರಿ ಕೂಗಿ ಅವ್ರಿಗೆ ಕೊಟ್ಟೆ. ಅವ್ರ ಮಾಲಿಗೆ ನಾನು ಕೈ ಹಾಕಿದ್ರೆ ಏನ್ ಮರ್ಯಾದೆ?"

"ಅವ್ರು ಬಿಟ್ಬಿಟ್ರಲ್ಲಣ್ಣಾ."

"ಯಾಕ್ ಬಿಟ್ರು? ಅಷ್ಟ್ ದೊಡ್ಡೋರು ಸುಮ್ನೆ ಬಿಡ್ತಾರಾ? ಅದ್ರಲ್ಲಿ ಏನೋ ತೊಡಕಿದೆ ಕಣಯ್ಯ."

ಉಳಿದವರ ಮನೆಯಲ್ಲೂ ಇದೇ ಮಾತು. ಒಬ್ಬರು ಬಾಗಿಲಲ್ಲೇ, "ಅವ್ರು ಹಿಡಿದು ಬಿಟ್ಟಿದ್ದು ನಂಗ್ಯಾಕೆ" ಎಂದರು. ಅವರು ರಾಜಕೀಯಕ್ಕೆ ಬರುವ ಮೊದಲು ಮಂಡಿಯಲ್ಲೇ ಖರೀದಿ ಮಾಡುತ್ತಿದ್ದವರು.

ವಾಪಸ್ ಬರುವಾಗ ಬಸ್ಸಿನಲ್ಲಿ ಆತ, "'ನೋಡಣ' ಅಂತ ಇದ್ದಾಗ ಎಲ್ರೂ ಇದ್ರು ಸಾರ್" ಎಂದ. ಕಂಡಕ್ಟರ್ ಟಿಕೆಟ್ ಕೇಳಿದ, ತೆಗೆದುಕೊಂಡೆ.

ಸಮಿತಿ ವಿಸರ್ಜನೆಯಾಗಲಿಲ್ಲ, ಸುಮ್ಮನೆ ಸೇರುವುದನ್ನು ನಿಲ್ಲಿಸಿತು. ಮೇಷ್ಟ್ರು ಮೈಸೂರಿನ ಕಡೆ ವರ್ಗ ಮಾಡಿಸಿಕೊಂಡು ಹೋದರು. ಖಾಲಾ ಒಂದು ಸಲ ಮಂಡಿಗೆ ಬಂದು, ಮೊಮ್ಮಗನಿಗೆ ಈಗ ಹಿಡಿದುಕೊಳ್ಳಲಾಗದಷ್ಟು ಬಲ ಬಂದಿದೆ, ಬಾಗಿಲು ಹಾಕಿಕೊಂಡೇ ಕೆಲಸ ಮಾಡಬೇಕು ಎಂದರು. ಆತ ಅವರಿಗೆ ಒಂದು ಚೀಲ ಟೊಮೇಟೊ ಕೊಟ್ಟು ಬಸ್ಸು ಹತ್ತಿಸಿ ಬಂದ.

ಪುಟ್ಟಿಯ ತರಬೇತಿ ತಿಂಗಳಿಗೊಮ್ಮೆಗೆ ಇಳಿಯಿತು, ಆಮೇಲೆ ನಿಂತಿತು. ಹೆಂಡತಿ ಅಲ್ಲಿ ಕಂಡಷ್ಟನ್ನು ಮನೆಯಲ್ಲೇ ಮಾಡಿಸುತ್ತಿದ್ದಳು. ಒಂದು ದೀಪಾವಳಿಗೆ ಹೋದಾಗ ಪುಟ್ಟಿ ಚಕ್ಕುಲಿಯ ಡಬ್ಬದ ಮುಂದೆ ನಿಂತು ತಲೆಯನ್ನು ಗೋಡೆಗೆ ಬಡಿಯುತ್ತಿದ್ದಳು. ಆತ ನೆಲದಲ್ಲಿ ಕೂತು, ಕೈ ಚಾಚಿ ತೋರಿಸುತ್ತಾ, "ಕೊಡು ಅನ್ನಮ್ಮಾ, ಕೊಡು" ಎಂದು ಪಿಸುಗುಟ್ಟುತ್ತಿದ್ದ. ಅವಳು ಅನ್ನಲಿಲ್ಲ. ಕೊನೆಗೆ ಡಬ್ಬವನ್ನೇ ಕೈಗೆ ಕೊಟ್ಟ. ನನ್ನ ಕಡೆ ತಿರುಗಿ, "ಮರ್ತಿದ್ದಾಳೆ ಸಾರ್" ಎಂದ, ಮಗಳಿಗೆ ಕೇಳಿಸದಂತೆ.

ಅಷ್ಟಾದರೂ ಬೆಳಿಗ್ಗೆ ಬಾಕ್ಸಿನ ಮೇಲೆ ನಿಂತರೆ ಅದೇ ಗಂಟಲು. ಜನ ಆತನನ್ನು ರೇಗಿಸುವುದೂ ಬಿಟ್ಟಿರಲಿಲ್ಲ. "ಏಮಣ್ಣಾ, ನೀ ಕಾನೂನು ಎಕ್ಕಡಿದಾಕಾ ವಚ್ಚಿಂದಿ?" ಎಲ್ಲಿಯವರೆಗೆ ಬಂತು ನಿನ್ನ ಕಾನೂನು ಎಂದು ಹಮಾಲರು ಕೇಳಿದರೆ, "ಹೊಸಕೋಟೆ ದಾಟಿದೆ, ಟ್ರಾಫಿಕ್ ಜಾಮು" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಮಂಡಿಯಿಂದ ಮನೆಗೆ ಹೋಗಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನೋವಿಗೆ ಕೂಗಲೂ ಇಲ್ಲವಂತೆ. ಮಗಳು ಪಕ್ಕದಲ್ಲೇ ಮಲಗಿದ್ದಳು.

ಆತನಿಗೊಂದು ಜೀವ ವಿಮೆಯೂ ಇತ್ತೆಂದು ನಮಗೆ ಗೊತ್ತಾದದ್ದು ಆಮೇಲೆ. ಅದು ತಕರಾರಿಲ್ಲದೆ, ಅಡ್ಮಿಟ್ ಆಗಿದ್ದರಾ ಎಂದು ಕೇಳದೆ, ಬೇಗನೇ ಬಂತು. ಆತನ ಹೆಂಡತಿ ಆ ಹಣವನ್ನು ಬೇರೆ ಯಾವುದಕ್ಕೂ ಮುಟ್ಟಲಿಲ್ಲ. "ಪುಟ್ಟೀನ ಮತ್ತೆ ಸೇರಿಸ್ತೀನಿ ಸಾರ್, ನೀವೊಂದಿನ ಜೊತೆಗ್ ಬನ್ನಿ" ಎಂದಳು. ಮೂವರೂ ಬೆಂಗಳೂರಿಗೆ ಹೋದೆವು.

ಕೇಂದ್ರದಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು, ಬಹಳ ಮೆದು ಮಾತಿನವಳು. ಪುಟ್ಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ಹೊತ್ತಿಗೆ ಪುಟ್ಟಿ ಅಮ್ಮನ ಭುಜ ದಾಟಿದ್ದಳು.

"ಇಲ್ಲಿ ಚಿಕ್ಕ ಮಕ್ಕಳಿಗೆ ಮಾತ್ರ ಅಮ್ಮ. ಇಷ್ಟು ದೊಡ್ಡೋರಿಗೆ ಇಲ್ಲ."

"ಇಲ್ಲೇ ಬರ್ತಿದ್ಲು ಮೇಡಂ. ಮಾತೂ ಬಂದಿತ್ತು."

"ಆಗ ಬಿಡಬಾರದಿತ್ತು."

"ಹೂಂ" ಎಂದಳು ಆಕೆ.

"ದೊಡ್ಡ ಮಕ್ಕಳಿಗೆ ಮೇಣದ ಬತ್ತಿ ಮಾಡೋದು ಕಲಿಸೋ ಕಡೆ ಒಂದಿದೆ. ಅಲ್ಲಿ ವಿಚಾರಿಸಿ ನೋಡ್ತೀರಾ?"

ಹೊರಡಲೆಂದು ತಿರುಗಿದರೆ ಪುಟ್ಟಿ ಪಕ್ಕದಲ್ಲಿಲ್ಲ. ಒಳಗಿನ ಕೋಣೆಯಲ್ಲಿ, ಮಕ್ಕಳಿಗೆಂದು ಸಾಲಾಗಿ ಇಟ್ಟಿದ್ದ ಬಣ್ಣದ ಪುಟ್ಟ ಕುರ್ಚಿಗಳಲ್ಲಿ ಕಿಟಕಿಯ ಕಡೆಯ ಹಳದಿ ಕುರ್ಚಿಯ ಮೇಲೆ ಕೂತಿದ್ದಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಎರಡೂ ಕೈಯನ್ನು ಮೇಜಿನ ಮೇಲಿಟ್ಟು, ಪಾಠ ಶುರುವಾಗುವುದಕ್ಕೆ ಕಾಯುವವಳಂತೆ ನೇರ ಕೂತಿದ್ದಳು. ಕರೆದರೆ ಏಳಲಿಲ್ಲ. ಮುಂದಿನ ಮಗುವಿನ ಹೊತ್ತಾಗಿತ್ತು. ಬಾಗಿಲಲ್ಲಿ ಒಬ್ಬಳು ತಾಯಿ, ಮೂರು ವರ್ಷದ ಹುಡುಗನ ಕೈ ಹಿಡಿದು, ಆ ಕುರ್ಚಿ ತೆರವಾಗಲೆಂದು ನಿಂತಿದ್ದಳು. ಸಂಕೋಚಪಡುತ್ತಾ ಪುಟ್ಟಿಯ ಅಮ್ಮನನ್ನು ಕೇಳಿದಳು:

"ಅಕ್ಕಾ, ಇದಕ್ಕೆಲ್ಲ ನಿಮ್ಗೆ ಇನ್ಶೂರೆನ್ಸ್‌ನೋರು ಕೊಟ್ರಾ?"

ಆಕೆ ಬಗ್ಗಿ, ಮಗಳ ಬೆರಳುಗಳನ್ನು ಒಂದೊಂದಾಗಿ ಮೇಜಿನಿಂದ ಬಿಡಿಸುತ್ತಿದ್ದಳು.

"ಕೊಟ್ರು ಕಣಮ್ಮ" ಎಂದಳು. "ನಮ್ಮನೆಯವ್ರು ಹೋದ್ಮೇಲೆ ಕೊಟ್ರು."